ಪಕ್ಷೇತರರಿಗೆ ಹಾಕಿದ ವೋಟು ದಂಡವೇ?

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ಪಕ್ಷೇತರರಿಗೆ ವೋಟು ಹಾಕೋದು ದಂಡ. ಗೆದ್ದರೂ ಭಾಷಣ ಮಾಡಬಹುದು ಅಷ್ಟೆ, ಒಂದು ಕಾನೂನು ಮಾಡಿಸೋಕೆ ಆಗಲ್ಲ. ಮೇಲಾಗಿ ಅವರು ತಪ್ಪು ಮಾಡಿದರೆ ತಿದ್ದೋರೂ ಇರಲ್ಲ. ಎಲ್ಲಾದರೂ ಒಂದು ಉದಾಹರಣೆ ಇದ್ದರೆ ಕೊಡಿ, ನೋಡೋಣ."

ಸಂಪಾದಕರ ಉತ್ತರ:

ನಮಸ್ಕಾರ. ಉದಾಹರಣೆ ಇದೆ. ಬ್ರಿಟನ್ನಿನ ಎಲೀನರ್ ರಾತ್‌ಬೋನ್. 1929ರಿಂದ 1946ರಲ್ಲಿ ತೀರಿಕೊಳ್ಳುವವರೆಗೂ ಪಕ್ಷೇತರ ಸಂಸದೆಯಾಗಿದ್ದವರು. ಅವರ ಮೇಲೆ ನನಗೆ ತುಂಬಾ ಗೌರವ ಅಂತ ಮೊದಲೇ ಹೇಳಿಬಿಡುತ್ತೇನೆ.

ಹುಟ್ಟಿದ್ದು 1872ರಲ್ಲಿ, ಲಿವರ್‌ಪೂಲ್‌ನ ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ. 1909ರಲ್ಲಿ ಆ ಊರಿನ ನಗರಸಭೆಗೆ ಗೆದ್ದ ಮೊದಲ ಹೆಂಗಸು. ಅಲ್ಲೂ ಪಕ್ಷೇತರರೇ. ಬಂದರಿನ ಕೂಲಿಕಾರರ ಮನೆಗಳನ್ನು ಅವರು ಹತ್ತಿರದಿಂದ ನೋಡಿದ್ದರು. ಇವತ್ತು ಕೆಲಸ ಇದ್ದರೆ ನಾಳೆ ಇಲ್ಲ. ಕೂಲಿ ಗಂಡನ ಕೈಗೆ. ಅದರಲ್ಲಿ ಮನೆಗೆ ಎಷ್ಟು ಬರುತ್ತದೆ ಅನ್ನೋದು ಅವನ ಮನಸ್ಸಿಗೆ ಬಿಟ್ಟದ್ದು.

ಆಮೇಲೆ ಮೊದಲ ಮಹಾಯುದ್ಧ ಬಂತು. ಗಂಡಸರು ರಣರಂಗಕ್ಕೆ ಹೋದರು. ಸರ್ಕಾರದ ಭತ್ಯೆ ನೇರವಾಗಿ ಹೆಂಡತಿಯರಿಗೆ ಬರತೊಡಗಿತು. ಲಿವರ್‌ಪೂಲ್‌ನಲ್ಲಿ ಅದನ್ನು ಮನೆಮನೆಗೆ ಮುಟ್ಟಿಸುವ ಹೊಣೆ ಎಲೀನರ್ ಅವರದು. ಮಕ್ಕಳ ಲೆಕ್ಕದಲ್ಲಿ ದುಡ್ಡು ತಾಯಿಯ ಕೈಗೇ ಬಂದಾಗ ಮಕ್ಕಳ ಊಟ, ಬಟ್ಟೆ ಸುಧಾರಿಸಿದ್ದನ್ನು ಅವರು ಕಣ್ಣಾರೆ ಕಂಡರು. ಯುದ್ಧ ಮುಗಿದ ಮೇಲೂ ಹೀಗೆ ಯಾಕೆ ಕೊಡಬಾರದು? ಈ ಪ್ರಶ್ನೆಯನ್ನು ಅವರು ಸುಮ್ನೆ ಬಿಡಲಿಲ್ಲ. 1917ರಲ್ಲಿ ಒಂದು ಸಮಿತಿ ಕಟ್ಟಿದರು, 1924ರಲ್ಲಿ ಇಡೀ ಪುಸ್ತಕವನ್ನೇ ಬರೆದರು. ಸಂಬಳ ಏರಿಸದಿರೋಕೆ ಇದೇ ನೆಪವಾಗುತ್ತದೆ ಅಂತ ಕಾರ್ಮಿಕ ಸಂಘಗಳಲ್ಲೂ ಹಲವರು ವಿರೋಧಿಸಿದರು.

ಒಂದು ವಿಷಯದಲ್ಲಿ ನಿಮ್ಮ ಮಾತು ಒಪ್ಪಬೇಕು. ಅವರ ಕ್ಷೇತ್ರ ಸಾಮಾನ್ಯ ಕ್ಷೇತ್ರವಲ್ಲ, ಇಂಗ್ಲೆಂಡಿನ ಹಲವು ವಿಶ್ವವಿದ್ಯಾಲಯಗಳ ಪದವೀಧರರದು. ಆಗ ಅಂಥ ಸೀಟುಗಳಿದ್ದವು. ಅಲ್ಲಿ ಪಕ್ಷೇತರರಿಗೆ ಗೆಲುವು ಅಷ್ಟು ಕಷ್ಟವಿರಲಿಲ್ಲ. 1950ರ ಚುನಾವಣೆಯ ಹೊತ್ತಿಗೆ ಅವು ರದ್ದಾದವು.

ಆದರೆ ಕಾನೂನು ಮಾಡಿಸೋಕೆ ಆಗಲ್ಲ ಅನ್ನೋದನ್ನು ಒಪ್ಪಲಾರೆ. 1945ರಲ್ಲಿ ಕುಟುಂಬ ಭತ್ಯೆ ಮಸೂದೆ ಬಂತು. ಅದರಲ್ಲಿ ದುಡ್ಡು ತಂದೆಗೆ ಅಂತ ಬರೆದಿತ್ತು! ಜೀವಮಾನವಿಡೀ ಕೇಳಿದ್ದು ಕೊನೆಗೂ ಬಾಗಿಲಿಗೆ ಬಂದು ನಿಂತಿದೆ. ಬೇರೆಯವರಾಗಿದ್ದರೆ ಇಷ್ಟಾದರೂ ಸಿಕ್ಕಿತಲ್ಲ ಅಂತ ಸುಮ್ಮನಾಗುತ್ತಿದ್ದರು. ಎಪ್ಪತ್ತು ದಾಟಿದ್ದ ಎಲೀನರ್ ಎದ್ದು ನಿಂತು, ತಾಯಿಗೆ ಕೊಡದಿದ್ದರೆ ಈ ಮಸೂದೆಯ ವಿರುದ್ಧವೇ ಮತ ಹಾಕುತ್ತೇನೆ ಅಂದರು. ಸರ್ಕಾರ ಆ ತೀರ್ಮಾನವನ್ನು ಸದಸ್ಯರ ಇಷ್ಟಕ್ಕೆ ಬಿಟ್ಟಿತು. ತಾಯಿಗೇ ಅಂತ ಬದಲಾಯಿತು. ಮೊದಲ ಮಗುವನ್ನು ಬಿಟ್ಟು ಉಳಿದ ಪ್ರತಿ ಮಗುವಿಗೆ ವಾರಕ್ಕೆ 5 ಶಿಲಿಂಗ್. 1946ರ ಆಗಸ್ಟ್‌ನಲ್ಲಿ ತಾಯಂದಿರು ಅಂಚೆ ಕಚೇರಿಗೆ ಹೋಗಿ ಮೊದಲ ಸಲ ಆ ದುಡ್ಡು ತಂದರು. ಅದನ್ನು ನೋಡೋಕೆ ಎಲೀನರ್ ಇರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಗಾಗಿ ಅವರು ಪಟ್ಟ ಪಾಡಿನ ಬಗ್ಗೆ ಬೇರೆ ಪುಟವೇ ಬೇಕು.

ಇನ್ನು ತಿದ್ದೋರು ಯಾರು ಅಂದಿರಿ. ಅವರು ತಪ್ಪಿದ್ದು ನಮ್ಮ ದೇಶದ ವಿಷಯದಲ್ಲೇ. 1929ರಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಭಾರತದ ಹೆಂಗಸರ ಬಗ್ಗೆ ಸಮ್ಮೇಳನ ಕರೆದರು. ಮಾತಾಡುವವರೆಲ್ಲ ಬ್ರಿಟಿಷರು! ಸಭೆಯಲ್ಲಿದ್ದ ಭಾರತೀಯ ಹೆಣ್ಣುಮಗಳೊಬ್ಬರು ಎದ್ದು, ನಮ್ಮ ಸಮಾಜದ ಕೆಡುಕಿನ ಬಗ್ಗೆ ಸಭೆ ನಡೆಸೋಕೆ ನಿಮಗೇನು ಹಕ್ಕು ಅಂತ ನೇರವಾಗಿ ಕೇಳಿದರು. ಎಲೀನರ್ 1932ರಲ್ಲಿ ಭಾರತಕ್ಕೇ ಬಂದು ಇಲ್ಲಿನ ಮಹಿಳಾ ಸಂಘಟನೆಗಳವರ ಜೊತೆ ಮಾತಾಡಿದರು. ಎಲ್ಲದರಲ್ಲೂ ಒಮ್ಮತ ಆಗಲಿಲ್ಲ, ನಮ್ಮವರು ಜಗ್ಗಲೂ ಇಲ್ಲ.

ಅಂದು ಎದ್ದು ನಿಂತವರು ಧನ್ವಂತಿ ರಾಮರಾವ್. ಹುಟ್ಟಿದ್ದು ನಿಮ್ಮ ಹುಬ್ಬಳ್ಳಿಯಲ್ಲೇ.