‘ಏನಾದರೂ ಬೇಕಿದ್ದರೆ ಹೇಳಿ’ ಅಂದರೆ ಸಾಲದು

ಪ್ರಶ್ನೆ: ಯಜಮಾನರ ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮುಜುಗರದಿಂದ ಎಲ್ಲಿಗೂ ಹೋಗುತ್ತಿಲ್ಲ. ‘ಏನಾದರೂ ಬೇಕಿದ್ದರೆ ಹೇಳಿ’ ಅನ್ನುವವರು ಇದ್ದಾರೆ, ಕೇಳಲು ಬಾಯಿ ಬರುವುದಿಲ್ಲ.

ಉತ್ತರ: ಬಾಯಿ ಬರದಿದ್ದರೆ ಅದು ಆ ಮಾತಿನದೇ ತಪ್ಪು. ಏನು ಬೇಕೆಂದು ಯೋಚಿಸುವುದು, ಯಾರನ್ನು ಕೇಳುವುದೆಂದು ತೂಗುವುದು, ಸಂಕೋಚ ನುಂಗುವುದು, ಎಲ್ಲವನ್ನೂ ಅದು ನಿಮ್ಮ ತಲೆಗೇ ಕಟ್ಟುತ್ತದೆ. ಒಂದು ಹಾಳೆಯಲ್ಲಿ ವಾರದ ಕೆಲಸಗಳನ್ನೆಲ್ಲ ಬರೆಯಿರಿ. ಮನೆಯವರೇ ಮಾಡಬೇಕಾದದ್ದಕ್ಕೆ ಗೆರೆ ಎಳೆಯಿರಿ. ಉಳಿದದ್ದನ್ನು ಹೀಗೆ ಕೇಳಿ: ‘ಮಂಗಳವಾರ ನಾಲ್ಕರಿಂದ ಆರರವರೆಗೆ ಅತ್ತೆ ಹತ್ತಿರ ಕೂತಿರ್ತೀರಾ? ಆಗಲ್ಲ ಅಂದ್ರೂ ಬೇಜಾರಿಲ್ಲ.’ ಕೊನೆಯ ಆ ಮಾತನ್ನು ಬಿಡಬೇಡಿ. ಇಲ್ಲ ಅನ್ನಲು ದಾರಿ ಇಟ್ಟರೆ ಮುಂದಿನ ಸಲ ಅವರನ್ನೇ ಮತ್ತೆ ಕೇಳಬಹುದು.

ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲಿ: ಮೊದಲ ಎರಡು ವಾರ ಎಲ್ಲರೂ ಬರುತ್ತಾರೆ, ಆಮೇಲೆ ಒಬ್ಬರೇ ಉಳಿಯುತ್ತಾರೆ, ಅವರೂ ಸುಸ್ತಾಗಿ ತಪ್ಪಿಸಿಕೊಳ್ಳುತ್ತಾರೆ. ಒಬ್ಬರಿಗೆ ವಾರಕ್ಕೊಂದೇ ಸರದಿ ಸಾಕು. ಯಾರ ಸರದಿ ಯಾವತ್ತು ಎಂದು ನೋಡಿಕೊಳ್ಳುವ ಕೆಲಸ ಮನೆಯ ಹೊರಗಿನವರೊಬ್ಬರ ಕೈಯಲ್ಲಿರಲಿ.

ಇನ್ನು ಕೆಲಸದ ವಿಚಾರ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದ್ದು ಇದನ್ನೇ: ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ದಿನಾ ಸಿಗುವ ಆಪ್ತರಲ್ಲ, ಯಾವಾಗಲೋ ಒಮ್ಮೆ ಎದುರಾಗುವವರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದಲ್ಲ. ಹೊರಗೆ ಹೋಗುವುದು ನಿಂತಾಗ ಮೊದಲು ಕಡಿದುಹೋಗುವುದು ಈ ತೆಳು ಎಳೆಗಳೇ. ಯಜಮಾನರು ವಾರಕ್ಕೆ ಇಬ್ಬರು ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಲಿ. ‘ಏನಾದರೂ ಇದ್ದರೆ ಹೇಳು’ ಎನ್ನುವ ಬದಲು ಯಾವ ಕೆಲಸ, ಯಾವಾಗಿನಿಂದ ಎಂದು ಬಿಡಿಸಿ ಹೇಳಲಿ. ಈ ಮಾತಿನ ತೊಂದರೆ ಎರಡೂ ಕಡೆಗಿದೆ ನೋಡಿ!

ಪ್ರಶ್ನೆ: ನೆರೆಮನೆಯ ಹುಡುಗ ಗಾಲಿಕುರ್ಚಿಯಲ್ಲಿದ್ದಾನೆ. ನಮ್ಮಲ್ಲಿ ಏನೇ ನಡೆದರೂ ಕರೆಯುತ್ತೇವೆ, ಆ ಮನೆಯವರು ಬರುವುದೇ ಇಲ್ಲ. ಅವರಿಗೆ ಇಷ್ಟವಿಲ್ಲವೇ?

ಉತ್ತರ: ಇಷ್ಟದ ಮಾತು ಆಮೇಲೆ. ನಿಮ್ಮ ಮೆಟ್ಟಿಲು ಎಷ್ಟು? ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂಟಿಮೀಟರ್. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬ ಇಳಿಜಾರಿನ ಲೆಕ್ಕದಲ್ಲಿ ಕುರ್ಚಿ ತಳ್ಳುವ ಇಳಿದಾರಿ (ರ‍್ಯಾಂಪ್) 5.4 ಮೀಟರ್ ಉದ್ದ ಬೇಕು. ಎರಡು ಮೀಟರಿನ ಹಲಗೆ ಒರಗಿಸಿಟ್ಟರೆ ಅದು ತೀರಾ ಕಡಿದಾಗಿ, ತಳ್ಳುವವರ ಕೈಜಾರಿ ಕುರ್ಚಿ ಹಿಂದಕ್ಕೆ ಮಗುಚಬಹುದು. ಹಾಗಂತ ಹುಡುಗನನ್ನು ಕುರ್ಚಿ ಸಮೇತ ಎತ್ತಿ ಒಳಗೆ ತರುತ್ತೇವೆ ಎನ್ನಬೇಡಿ. ಎಲ್ಲರೆದುರು ಮೂಟೆಯಂತೆ ಹೊರಿಸಿಕೊಳ್ಳುವುದು ಯಾವ ಹುಡುಗನಿಗೂ ಬೇಡ. ಕಾರ್ಯಕ್ರಮವನ್ನೇ ನೆಲಮಟ್ಟದ ಅಂಗಳಕ್ಕೆ ತನ್ನಿ. ಬಾಗಿಲಿನ ಅಗಲ ಎಷ್ಟು, ಶೌಚಾಲಯದ ಒಳಗೆ ಕುರ್ಚಿ ತಿರುಗುತ್ತದೆಯೇ, ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಕರೆಯುವಾಗಲೇ ತಿಳಿಸಿ. ಏನು ಅನುಕೂಲ ಬೇಕೆಂದು ತಾಯಿಯನ್ನಷ್ಟೇ ಅಲ್ಲ, ಹುಡುಗನನ್ನೂ ಕೇಳಿ. ಅರ್ಧಕ್ಕೇ ಹೊರಟರೆ ಒತ್ತಾಯ ಮಾಡದೆ ಕಳುಹಿಸಿಕೊಡಿ, ಮುಂದಿನ ಸಲ ಮತ್ತೆ ಕರೆಯಿರಿ.