ಹಳೆ ಕಾರು ಕೊಳ್ಳುವ ಮುನ್ನ ರೀಕಾಲ್ (ದೋಷ ಕಂಡ ಕಾರುಗಳನ್ನು ತಯಾರಕರೇ ರಿಪೇರಿಗೆ ಹಿಂದಕ್ಕೆ ಕರೆಸುವುದು) ಬಾಕಿ ಇದೆಯೇ ಎಂದು ನೋಡುವುದು ಹೇಗೆ?

ಮಾಡೆಲ್ ಮತ್ತು ವರ್ಷ ಹಾಕಿ ಹುಡುಕಿದರೆ ಸಾಲದು. ದೋಷವಿರುವ ಬಿಡಿಭಾಗ ಕೆಲವು ಬ್ಯಾಚ್‌ಗಳಿಗೆ ಮಾತ್ರ ಹೋಗಿರಬಹುದು, ಹಾಗಾಗಿ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಬೇಕೇ ಬೇಕು. ಅದನ್ನು ಕಾರಿನಿಂದಲೇ ಬರೆದುಕೊಳ್ಳಿ: ಹೆಚ್ಚಾಗಿ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಅಥವಾ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುತ್ತದೆ. ನೋಂದಣಿ ಪತ್ರದ ಜೊತೆ ತಾಳೆ ನೋಡಿ. ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಹಾಗೆ ಕಂಡರೆ ಅದು 1 ಅಥವಾ 0.

ಆ ನಂಬರನ್ನು ತಯಾರಕರ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ, ಇಲ್ಲವೇ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ಕೇಳಿ. ರೀಕಾಲ್ ಪತ್ರ ಹೋಗುವುದು ದಾಖಲೆಯಲ್ಲಿರುವ ಮಾಲೀಕರಿಗೆ. ಕೈ ಬದಲಾದ ಕಾರುಗಳಲ್ಲಿ ಕೆಲಸ ಬಾಕಿ ಉಳಿಯುವುದು ಇದರಿಂದಲೇ. ರಿಪೇರಿ ಸಾಮಾನ್ಯವಾಗಿ ಉಚಿತ, ಮಾಲೀಕರು ಯಾರೇ ಇರಲಿ. ಮಾರುವವರು "ಮಾಡಿಸಿದ್ದೇನೆ" ಎಂದರೆ ಜಾಬ್ ಕಾರ್ಡ್ (ಸರ್ವೀಸ್ ಸೆಂಟರ್ ಕೊಡುವ ಕೆಲಸದ ದಾಖಲೆ) ಕೇಳಿ. ಹೊಸ ರೀಕಾಲ್‌ಗಳು ಬರುತ್ತಲೇ ಇರುತ್ತವೆ, ಆದ್ದರಿಂದ ಹಣ ಕೊಡುವ ದಿನ ಮತ್ತೊಮ್ಮೆ ನೋಡಿ.

ಎಲ್ಲ ರೀಕಾಲ್‌ಗಳೂ ಒಂದೇ ತೂಕದವಲ್ಲ. ಸ್ಟಿಕ್ಕರ್ ಮೇಲಿನ ಬರಹ ತಪ್ಪಿದ್ದರೆ ಚಿಂತೆಯಿಲ್ಲ. ಬ್ರೇಕ್, ಸ್ಟಿಯರಿಂಗ್, ಇಂಧನ ಸೋರಿಕೆಯಾದರೆ ಮಾರುವವರೇ ಸರಿಪಡಿಸಿ ಕೊಡಲಿ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ವಿಷಯದಲ್ಲಂತೂ ರಾಜಿ ಬೇಡ: ಬಿಸಿ ಮತ್ತು ತೇವದಿಂದ ಅದರೊಳಗಿನ ಅಮೋನಿಯಂ ನೈಟ್ರೇಟ್ ಹಾಳಾಗಿ, ಏರ್‌ಬ್ಯಾಗ್ ತೆರೆಯುವಾಗ ಇನ್‌ಫ್ಲೇಟರ್ (ಅದಕ್ಕೆ ಅನಿಲ ತುಂಬುವ ಭಾಗ) ಒಡೆದು ಲೋಹದ ಚೂರುಗಳು ಮುಖಕ್ಕೆ ಸಿಡಿಯಬಹುದು. ಅದನ್ನು ಬದಲಿಸುವವರೆಗೆ ಆ ಕಾರನ್ನು ಓಡಿಸಬೇಡಿ.