ಕ್ಯಾಲಿಫೋರ್ನಿಯಾದಲ್ಲಿ ಎಲ್‌ವಿಎನ್ ನರ್ಸ್ ಆಗುವುದು ಹೇಗೆ?

ಎಲ್‌ವಿಎನ್ ಅಂದರೆ ಲೈಸೆನ್ಸ್ಡ್ ವೊಕೇಶನಲ್ ನರ್ಸ್. ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಲ್ಲಿ ಮಾತ್ರ ಈ ಹೆಸರು. ಅಮೆರಿಕದ ಬೇರೆ ಕಡೆ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಅನ್ನುತ್ತಾರೆ. ಡಾಕ್ಟರ್ ಅಥವಾ ಆರ್‌ಎನ್ (ರಿಜಿಸ್ಟರ್ಡ್ ನರ್ಸ್, ಎಲ್‌ವಿಎನ್‌ಗಿಂತ ಮೇಲಿನ ಹಂತದ ನರ್ಸ್) ಹೇಳಿದಂತೆ ಕೆಲಸ ಮಾಡಬೇಕು.

ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 17 ವರ್ಷ ಆಗಿರಬೇಕು, ಹೈಸ್ಕೂಲ್ (ಅಮೆರಿಕದಲ್ಲಿ 12ನೇ ತರಗತಿವರೆಗೆ) ಅಥವಾ ಅದಕ್ಕೆ ಸಮನಾದ ಜಿಇಡಿ ಪರೀಕ್ಷೆ ಮುಗಿದಿರಬೇಕು. ಕೋರ್ಸು ಒಟ್ಟು 1,530 ಗಂಟೆ. ಅದರಲ್ಲಿ ಪಾಠ 576 ಗಂಟೆ ಅಷ್ಟೇ, ಉಳಿದ 954 ಗಂಟೆ ಕೈಯಾರೆ ಮಾಡಿ ಕಲಿಯುವುದು: ಬಿಪಿ ನೋಡುವುದು, ಗಾಯಕ್ಕೆ ಡ್ರೆಸ್ಸಿಂಗ್, ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಓದಿನಲ್ಲಿ ಚುರುಕಾಗಿದ್ದರೆ ಸಾಕು ಅಂದುಕೊಳ್ಳಬೇಡಿ. ಇದು ಇಡೀ ದಿನ ನಿಂತು ಮಾಡುವ ಕೆಲಸ. ಫೀಸು ಕಟ್ಟುವ ಮೊದಲು ಕಾಲೇಜಿಗೆ ರಾಜ್ಯದ ವೊಕೇಶನಲ್ ನರ್ಸಿಂಗ್ ಬೋರ್ಡಿನ ಮಾನ್ಯತೆ ಇದೆಯಾ ಅಂತ ದಯವಿಟ್ಟು ನೋಡಿಕೊಳ್ಳಿ. ಕಮ್ಯುನಿಟಿ ಕಾಲೇಜಿನಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ.

ಕೋರ್ಸು ಮುಗಿದ ಮೇಲೆ ಬೋರ್ಡಿಗೆ ಅರ್ಜಿ, ಬೆರಳಚ್ಚು, ಆಮೇಲೆ ಎನ್‌ಕ್ಲೆಕ್ಸ್-ಪಿಎನ್ ಅನ್ನುವ ಲೈಸೆನ್ಸ್ ಪರೀಕ್ಷೆ. ಕಂಪ್ಯೂಟರಿನಲ್ಲೇ ಬರೆಯಬೇಕು. ನಿಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಬರುತ್ತದೆ, ಹಿಂದೆ ಹೋಗಿ ತಿದ್ದಲು ಆಗುವುದಿಲ್ಲ.

ಊರಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ ಬಂದವರಿಗೆ ಒಂದು ಮಾತು. ಸುಮ್ನೆ ಎಲ್‌ವಿಎನ್ ಕೋರ್ಸಿಗೆ ದುಡ್ಡು ಸುರಿಯಬೇಡಿ. ಮೊದಲು ನಿಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ನೇರವಾಗಿ ಆರ್‌ಎನ್ ಪರೀಕ್ಷೆಗೆ ಕೂರಬಹುದಾ ಅಂತ ಆರ್‌ಎನ್ ಬೋರ್ಡಿನಲ್ಲಿ ವಿಚಾರಿಸಿ. ಆರ್‌ಎನ್‌ಗೆ ಸಂಬಳವೂ ಜಾಸ್ತಿ, ಜವಾಬ್ದಾರಿಯೂ ಜಾಸ್ತಿ.